ಬೆಟ್ಟದ ಸೂಚಿಪರ್ಣ ಕಾಡಿನ ನೆಲದಲ್ಲಿ ಯಾವ ಗಿಡ ಬೆಳೆಯುತ್ತದೆ, ಯಾಕೆ ಬೆಳೆಯುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೈನ್, ಸ್ಪ್ರೂಸ್, ಫರ್, ಹೆಮ್ಲಾಕ್, ದೇವದಾರು, ಲಾರ್ಚ್ ಮರಗಳ ಕೆಳಗೆ ಗಿಡ ಕಡಿಮೆಯಿದ್ದರೆ ಹೆಚ್ಚಿನವರು ಹೇಳುವ ಕಾರಣ ಒಂದೇ, ನೆರಳು. ನೆರಳಿನ ಪಾತ್ರ ದೊಡ್ಡದು, ನಿಜ. ಆದರೆ ಎಷ್ಟೋ ಕಡೆ ಅಸಲು ಕಾರಣ ಮಣ್ಣಿನೊಳಗೆ ಇರುತ್ತದೆ. ಬೇರು, ಶಿಲೀಂಧ್ರ, ಕೊಳೆಯದೆ ಉಳಿದ ಸೂಜಿಎಲೆ, ಹಿಮ ಕರಗಿದ ದಿನ, ಹಳೆಯ ಬೆಂಕಿ, ಮೇಯುವ ಪ್ರಾಣಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಮರ ಕಡಿದು ಬೆಳಕು ಬಿಟ್ಟರೆ ಆಗುವ ನಷ್ಟವೇ ಹೆಚ್ಚು.

ಒಂದೇ ಬೆಟ್ಟದಲ್ಲಿ ಒಂದು ಕಡೆ ನೆಲ ಬೋಳು, ಇನ್ನೊಂದು ಕಡೆ ದಟ್ಟ ಹಸಿರು. ಯಾಕೆ?

ಮೊದಲು ಮರಗಳ ವಯಸ್ಸು ನೋಡಿ. ಬೆಂಕಿ, ಬಿರುಗಾಳಿ ಅಥವಾ ಕಡಿತದ ನಂತರ ಒಟ್ಟಿಗೆ ಹುಟ್ಟಿದ ಸಸಿಗಳು ಮೊದಲ ಕೆಲವು ವರ್ಷ ಹುಲ್ಲು, ಪೊದೆಗಳ ನಡುವೆಯೇ ಏಳುತ್ತವೆ. ಕೊಂಬೆಗೆ ಕೊಂಬೆ ತಾಗಿ ಚಪ್ಪರ ಮುಚ್ಚಿಕೊಂಡ ಮೇಲೆ ಕೆಳಗಿನ ಗಿಡಗಳು ಒಂದೊಂದಾಗಿ ಸಾಯುತ್ತವೆ. ಮುಂದಿನ ಹಲವು ದಶಕ ನೆಲದ ಮೇಲೆ ಕಂದು ಸೂಜಿಎಲೆ ಬಿಟ್ಟು ಹೆಚ್ಚೇನೂ ಕಾಣದು. ಮರಗಳು ತಮ್ಮತಮ್ಮಲ್ಲೇ ಪೈಪೋಟಿ ಮಾಡಿ ಒಂದಷ್ಟು ಸತ್ತು, ಉಳಿದವುಗಳ ತಲೆಗಳ ನಡುವೆ ಸಂದು ಬಿದ್ದಾಗ ನೆಲದಲ್ಲಿ ಮತ್ತೆ ಹಸಿರು ಚಿಗುರುತ್ತದೆ. ಕೊನೆಯದು ಮುದಿ ಕಾಡಿನ ಹಂತ: ಅಲ್ಲೊಂದು ಬಿದ್ದ ಮರ, ಇಲ್ಲೊಂದು ಬಯಲು, ಬೇರೆ ಬೇರೆ ವಯಸ್ಸಿನ ಮರಗಳು. ಈ ನಾಲ್ಕು ಹಂತಗಳನ್ನು ಅಮೆರಿಕದ ಅರಣ್ಯವಿಜ್ಞಾನಿ ಚಾಡ್ವಿಕ್ ಆಲಿವರ್ 1981ರಲ್ಲಿ ಸ್ಪಷ್ಟವಾಗಿ ವಿಂಗಡಿಸಿ ಬರೆದರು. ಅರಣ್ಯಶಾಸ್ತ್ರದಲ್ಲಿ ಇಂದಿಗೂ ಅದೇ ಚೌಕಟ್ಟು ಬಳಕೆಯಲ್ಲಿದೆ.

ಹಾಗಾಗಿ ಎರಡನೇ ಹಂತದ ಬೋಳು ನೆಲವನ್ನು ರೋಗವೆಂದು ಭಾವಿಸಬೇಕಿಲ್ಲ. ನೂರಾರು ವರ್ಷದ ಕಾಡಿನಲ್ಲೂ ನೆಲ ಬೋಳಾಗಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ನೆಲಕ್ಕೆ ನಿಜವಾಗಿ ಎಷ್ಟು ಬೆಳಕು ಬೀಳುತ್ತದೆ?

ದಟ್ಟ ಸ್ಪ್ರೂಸ್ ಅಥವಾ ಹೆಮ್ಲಾಕ್ ಕೆಳಗೆ ಬಯಲಿನ ಬೆಳಕಿನ ನೂರಕ್ಕೆ ಒಂದರಿಂದ ಐದು ಪಾಲು. ಪೈನ್ ಕಾಡು ತೆಳು. ಅಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ಸಿಗುತ್ತದೆ. ಸ್ಪ್ರೂಸ್ ಮತ್ತು ಫರ್ ತಮ್ಮ ಎಲೆಗಳನ್ನು ಐದರಿಂದ ಹತ್ತು ವರ್ಷ ಹೊತ್ತಿರುತ್ತವೆ, ಬಹುತೇಕ ಪೈನ್‌ಗಳು ಎರಡರಿಂದ ಐದು ವರ್ಷ. ಎಲೆಯ ಪದರ ಹೆಚ್ಚಿದಷ್ಟೂ ಕೆಳಗೆ ಕತ್ತಲೆ. ಲಾರ್ಚ್ ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುವುದರಿಂದ ಅದರ ಕೆಳಗಿನ ಗಿಡಗಳಿಗೆ ವಸಂತದ ಬೆಳಕು ಧಾರಾಳ.

ಸರಾಸರಿ ಲೆಕ್ಕ ಮಾತ್ರ ಸಾಲದು. ಎಲೆಗಳ ಸಂದಿನಿಂದ ಕೆಲವು ಸೆಕೆಂಡು ಅಥವಾ ಕೆಲವು ನಿಮಿಷ ಬಿದ್ದು ಸರಿಯುವ ಬಿಸಿಲಿನ ಚುಕ್ಕೆಗಳು ನೆಲದ ಗಿಡಕ್ಕೆ ದಿನದ ಒಟ್ಟು ಬೆಳಕಿನ ಅರ್ಧದಷ್ಟನ್ನು, ಎಷ್ಟೋ ಕಡೆ ಅದಕ್ಕೂ ಹೆಚ್ಚನ್ನು ಕೊಡುತ್ತವೆ. ಕತ್ತಲೆಯಲ್ಲಿದ್ದ ಎಲೆ ಬಿಸಿಲು ತಾಗಿದ ತಕ್ಷಣ ಪೂರ್ಣ ವೇಗಕ್ಕೆ ಬರುವುದಿಲ್ಲ. ಅದರ ಕಿಣ್ವಗಳು ಎಚ್ಚರಗೊಂಡು ಪತ್ರರಂಧ್ರಗಳು ತೆರೆಯಲು ಹಲವು ನಿಮಿಷ ಬೇಕು. ಒಮ್ಮೆ ಎಚ್ಚರಗೊಂಡರೆ ಮುಂದಿನ ಚುಕ್ಕೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಸಾಲುಸಾಲಾಗಿ ಚುಕ್ಕೆ ಬೀಳುವ ಜಾಗ, ಅಷ್ಟೇ ಬೆಳಕು ಚದುರಿ ಬೀಳುವ ಜಾಗಕ್ಕಿಂತ ಮೇಲು.

ಅತಿಯಾದ ಬಿಸಿಲೂ ಇವಕ್ಕೆ ಆಗದು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಕೆಳಗೆ ಬೆಳೆಯುವ ಆಕ್ಸಾಲಿಸ್ ಒರೆಗಾನಾ ಎಂಬ ಪುಳ್ಳಂಪುರಚಿ ಬಂಧು ಗಿಡವನ್ನು ಹತ್ತಿರ ಕೂತು ಗಮನಿಸಿ. ನೇರ ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಅದರ ಮೂರೂ ಎಲೆಪಾಲುಗಳು ತೊಟ್ಟಿನ ಕಡೆಗೆ ಜೋತುಬಿದ್ದು ಬಿಸಿಲಿಗೆ ಅಂಚನ್ನಷ್ಟೇ ಒಡ್ಡುತ್ತವೆ. ಚುಕ್ಕೆ ಸರಿದ ಮೇಲೆ ನಿಧಾನವಾಗಿ ಮತ್ತೆ ಬಿಚ್ಚಿಕೊಳ್ಳುತ್ತವೆ. ಹಾಗೆ ಮಡಚಿಕೊಳ್ಳದಿದ್ದರೆ ಎಲೆಯ ದ್ಯುತಿಸಂಶ್ಲೇಷಣೆಯ ಯಂತ್ರವೇ ಕೆಡುತ್ತದೆ.

ಬೆಳಕನ್ನು ಅಳೆಯುವುದು ಹೇಗೆ?

ಕಡಿಮೆ ಖರ್ಚಿನ ಸಾಧನ ಗುಮ್ಮಟ ಕನ್ನಡಿಯ ಡೆನ್ಸಿಯೋಮೀಟರ್. ಅದರಲ್ಲಿ 24 ಚೌಕಗಳಿರುತ್ತವೆ. ಪ್ರತಿ ಚೌಕದಲ್ಲಿ ನಾಲ್ಕು ಚುಕ್ಕೆ ಊಹಿಸಿಕೊಂಡು ಒಟ್ಟು 96 ಚುಕ್ಕೆಗಳಲ್ಲಿ ಆಕಾಶ ಕಾಣುವ ಚುಕ್ಕೆಗಳನ್ನು ಎಣಿಸಿ. ಆ ಸಂಖ್ಯೆಯನ್ನು 1.04ರಿಂದ ಗುಣಿಸಿದರೆ ಚಪ್ಪರ ಶೇಕಡಾ ಎಷ್ಟು ತೆರೆದಿದೆ ಎಂದು ತಿಳಿಯುತ್ತದೆ. ನಾಲ್ಕು ದಿಕ್ಕಿಗೂ ತಿರುಗಿ ಓದಿ ಸರಾಸರಿ ತೆಗೆಯಿರಿ. ಸಾಧನ ಸಮತಟ್ಟಾಗಿದೆಯೇ ಎಂದು ತೋರಿಸುವ ನೀರುಗುಳ್ಳೆ ನಡುವಿನಲ್ಲಿರಬೇಕು, ನಿಮ್ಮ ತಲೆ ಕನ್ನಡಿಯ ಚೌಕಗಳೊಳಗೆ ಬರಬಾರದು.

ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಒಂದು, ಎದೆಯೆತ್ತರದಲ್ಲಿ ಅಳೆದು ಪೊದೆಯ ಕೆಳಗಿನ ಹಾವಸೆಗೂ ಅದೇ ಬೆಳಕು ಎಂದುಕೊಳ್ಳುವುದು. ಇನ್ನೊಂದು, ಬೆಳಕಿನ ಮೀಟರಿನಿಂದ ಮಧ್ಯಾಹ್ನ ಒಂದೇ ಸಲ ಅಳೆಯುವುದು. ಬಿಸಿಲಿನ ಚುಕ್ಕೆ ಮೀಟರಿನ ಮೇಲೆ ಬಿದ್ದರೆ ಒಂದು ಲೆಕ್ಕ, ಒಂದು ಗೇಣು ಪಕ್ಕಕ್ಕೆ ಬಿದ್ದರೆ ಹತ್ತು ಪಟ್ಟು ಬೇರೆ ಲೆಕ್ಕ. ಮೀಟರ್ ಬಳಸುವುದಾದರೆ ಒಂದೇ ಸಮನೆ ಮೋಡ ಕವಿದ ದಿನ ಆರಿಸಿ, ಬಯಲಲ್ಲೂ ಕಾಡಿನೊಳಗೂ ಒಂದೇ ಹೊತ್ತಿಗೆ ಅಳೆದು ಅನುಪಾತ ತೆಗೆಯಿರಿ.

ಬೆಳಕು ಸಾಕಷ್ಟಿದ್ದರೂ ಗಿಡ ಬರುತ್ತಿಲ್ಲ. ಬೇರಿನ ಪೈಪೋಟಿಯೇ ಕಾರಣ ಎಂದು ತಿಳಿಯುವುದು ಹೇಗೆ?

ಜರ್ಮನಿಯ ಕಾರ್ಲ್ ಫ್ರಿಕೆ ಇದಕ್ಕೆ 1904ರಲ್ಲೇ ದಾರಿ ತೋರಿಸಿದರು. ಪೈನ್ ಕೆಳಗೆ ಸೊರಗಿದ್ದ ಸಸಿಗಳ ಸುತ್ತ ಕಂದಕ ತೋಡಿ ದೊಡ್ಡ ಮರಗಳ ಬೇರು ಕತ್ತರಿಸಿದರು. ನೆರಳು ಹಾಗೇ ಇತ್ತು, ಆದರೂ ಸಸಿಗಳು ಚೇತರಿಸಿಕೊಂಡವು, ನೆಲದಲ್ಲಿ ಹೊಸ ಗಿಡಗಳೂ ಎದ್ದವು. ಕಡಿಮೆಯಿದ್ದದ್ದು ಬೆಳಕಲ್ಲ, ನೀರು ಮತ್ತು ಪೋಷಕಾಂಶ.

ಅದೇ ಪರೀಕ್ಷೆಯನ್ನು ಇಂದೂ ಮಾಡಬಹುದು. ಕಾಂಡದಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ 1 ಮೀಟರ್‌ಗೆ 1 ಮೀಟರ್, ಸಾಧ್ಯವಾದರೆ 2ಕ್ಕೆ 2 ಮೀಟರ್ ಚೌಕ ಗುರುತಿಸಿ. ಸುತ್ತ 50ರಿಂದ 60 ಸೆಂಟಿಮೀಟರ್ ಆಳಕ್ಕೆ ಚೂಪಾದ ಗುದ್ದಲಿಯಿಂದ ಸೀಳಿ, ಎದುರಾದ ಬೇರನ್ನೆಲ್ಲ ಕತ್ತರಿಸಿ. ದಪ್ಪ ಪಾಲಿಥಿನ್ ಹಾಳೆಯನ್ನು ನಿಲ್ಲಿಸಿ ಮಣ್ಣು ಮತ್ತೆ ತುಂಬಿ. ಚೌಕದೊಳಗೆ ಕಾಲಿಡಬೇಡಿ. ಕೆಲವೇ ಮೀಟರ್ ದೂರದಲ್ಲಿ, ಅಷ್ಟೇ ಬೆಳಕಿರುವ ಕಡೆ, ಕತ್ತರಿಸದ ಇನ್ನೊಂದು ಚೌಕವನ್ನು ಹೋಲಿಕೆಗೆ ಇಡಿ. ಇಂಥ ಐದಾರು ಜೋಡಿಗಳಾದರೂ ಬೇಕು.

ಫಲಿತಾಂಶ ಓದುವಾಗ ಎಚ್ಚರ ಇರಲಿ. ಕತ್ತರಿಸಿದ ಬೇರುಗಳು ಒಳಗೇ ಕೊಳೆತು ಮೊದಲ ಒಂದೆರಡು ವರ್ಷ ಸಾರಜನಕ ಬಿಡುತ್ತವೆ. ಅದರಿಂದ ಬಂದ ಹಸಿರನ್ನು ಪೈಪೋಟಿ ತಪ್ಪಿದ್ದರ ಫಲ ಎಂದು ಎಣಿಸಿಬಿಡುವುದು ಸುಲಭ. ಮೂರನೇ ವರ್ಷದ ಲೆಕ್ಕಕ್ಕೇ ಹೆಚ್ಚು ಬೆಲೆ ಕೊಡಿ. ಹಾಳೆ ಹಾಕದಿದ್ದರೆ ಮರದ ಬೇರು ಒಂದೇ ಬೆಳವಣಿಗೆಯ ಕಾಲದಲ್ಲಿ ಮರಳಿ ನುಗ್ಗಬಹುದು, ಹಾಗಾಗಿ ಪ್ರತಿವರ್ಷ ಮತ್ತೆ ಸೀಳಬೇಕಾಗುತ್ತದೆ.

ಸೂಜಿಎಲೆ ಬಿದ್ದು ಮಣ್ಣು ಹುಳಿಯಾಗುತ್ತದೆ, ಅದಕ್ಕೇ ಏನೂ ಬೆಳೆಯುವುದಿಲ್ಲ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಹಸಿ ಸೂಜಿಎಲೆ ಹುಳಿಯೇ, ಪಿಎಚ್ (ಹುಳಿಯ ಅಳತೆ, ಅಂಕ ಇಳಿದಷ್ಟೂ ಹುಳಿ ಹೆಚ್ಚು) 3.5ರ ಆಸುಪಾಸು. ಆದರೆ ನಾಲ್ಕು ಬುಟ್ಟಿ ಸೂಜಿಎಲೆ ಹರಡಿದ ಮಾತ್ರಕ್ಕೆ ಮಣ್ಣಿನ ಪಿಎಚ್ ಕುಸಿಯುವುದಿಲ್ಲ. ದಶಕಗಳ ಕಾಲ ಅದೇ ಮರಗಳು ನಿಂತಾಗ ಮೇಲ್ಮಣ್ಣು ನಿಧಾನವಾಗಿ ಬದಲಾಗುತ್ತದೆ. ಅಲ್ಲೂ ಕೆಳಗಿನ ಬಂಡೆ ಮರಕ್ಕಿಂತ ದೊಡ್ಡ ಮಾತು ಆಡುತ್ತದೆ. ಸುಣ್ಣಕಲ್ಲಿನ ಮೇಲಿನ ಸ್ಪ್ರೂಸ್ ಕಾಡಿನಲ್ಲಿ ಆರ್ಕಿಡ್‌ಗಳೂ ಸೇರಿ ಹತ್ತಾರು ಜಾತಿಗಳು ಇರುತ್ತವೆ. ಗ್ರಾನೈಟ್ ಮೇಲೆ ಅದೇ ಸ್ಪ್ರೂಸ್ ಕೆಳಗೆ ಬ್ಲೂಬೆರಿ ಬಂಧುಗಳು ಮತ್ತು ಹಾವಸೆ, ಅಷ್ಟೇ.

ಪೋಲೆಂಡಿನಲ್ಲಿ ಒಂದೇ ಬಗೆಯ ನೆಲದಲ್ಲಿ 14 ಜಾತಿಯ ಮರಗಳನ್ನು ಅಕ್ಕಪಕ್ಕ ನೆಟ್ಟ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಅಲ್ಲಿ ಕಂಡದ್ದೇನೆಂದರೆ, ತರಗೆಲೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ ಮರಗಳ ಕೆಳಗೆ ಎರೆಹುಳು ಹೆಚ್ಚು, ಪಿಎಚ್ ಹೆಚ್ಚು, ಎಲೆ ಬೇಗ ಮಣ್ಣಿಗೆ ಸೇರುತ್ತದೆ. ಎಲೆ ಸೂಜಿಯೋ ಅಗಲವೋ ಎಂಬುದಕ್ಕಿಂತ ಅದರಲ್ಲಿ ಕ್ಯಾಲ್ಸಿಯಂ ಎಷ್ಟು ಎಂಬುದು ಮುಖ್ಯ.

ಹುಳಿ ಮಣ್ಣಿನ ನಿಜವಾದ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ. ಪಿಎಚ್ 4.5ಕ್ಕಿಂತ ಇಳಿದಾಗ ಖನಿಜ ಮಣ್ಣಿನ, ಅಂದರೆ ಕೊಳೆತ ಎಲೆಪದರದ ಕೆಳಗಿರುವ ಮಣ್ಣಿನ, ಅಲ್ಯೂಮಿನಿಯಂ ನೀರಿಗೆ ಬಿಟ್ಟುಕೊಂಡು ಎಳೆ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಎರೆಹುಳು ಇರುವುದಿಲ್ಲ. ಸೂಜಿಎಲೆ ಕಲಸಿಹೋಗದೆ ಮೇಲೆಯೇ ಚಾಪೆಯಾಗಿ ಕೂರುತ್ತದೆ. ಸಣ್ಣ ಬೀಜ ಆ ಚಾಪೆಯ ಮೇಲೆ ಮೊಳೆತರೆ ಬೇರು ಖನಿಜ ಮಣ್ಣು ಮುಟ್ಟುವ ಮೊದಲೇ ಚಾಪೆ ಒಣಗಿ ಸಸಿ ಸಾಯುತ್ತದೆ. ಬೋಳು ನೆಲಕ್ಕೆ ವಿಷಕ್ಕಿಂತ ಇದೇ ಹೆಚ್ಚು ಸಾಮಾನ್ಯ ಕಾರಣ.

ಗಿಡ ಬಿಡುವ ರಾಸಾಯನಿಕ ಇತರ ಗಿಡಗಳನ್ನು ತಡೆಯುವುದೂ ಉಂಟು. ಚೆನ್ನಾಗಿ ಸಾಬೀತಾದ ಉದಾಹರಣೆ ಉತ್ತರ ಸ್ವೀಡನ್ನಿನದು. ಅಲ್ಲಿ ಎಂಪೆಟ್ರಮ್ ಎಂಬ ಕುಳ್ಳ ಪೊದೆಯ ಎಲೆಯಿಂದ ತೊಳೆದು ಬರುವ ಬಟಾಟಾಸಿನ್-3 ಎಂಬ ರಾಸಾಯನಿಕ ಪೈನ್ ಬೀಜ ಮೊಳೆಯುವುದನ್ನೇ ಕುಗ್ಗಿಸುತ್ತದೆ. ತಡೆಯುವುದು ನೆಲದ ಗಿಡ, ತಡೆಯಿಸಿಕೊಳ್ಳುವುದು ಮರ!

ಮಣ್ಣಿನ ಪದರ ನೋಡುವ ಸರಿಯಾದ ಕ್ರಮ ಯಾವುದು?

60 ಸೆಂಟಿಮೀಟರ್ ಆಳದ ಗುಂಡಿ ಸಾಕು. ಒಂದು ಗೋಡೆಯನ್ನು ಚಾಕುವಿನಿಂದ ನೇರವಾಗಿ ಕೆತ್ತಿ ಮೇಲಿನಿಂದ ಕೆಳಕ್ಕೆ ಓದಿ. ಮೊದಲು ಆಕಾರ ಕೆಡದ ಸೂಜಿಎಲೆ. ಅದರ ಕೆಳಗೆ ಮುರಿದ, ಬಿಳಿ ಹಳದಿ ಶಿಲೀಂಧ್ರದ ಎಳೆಗಳು ಹೆಣೆದ ಪದರ, ಎತ್ತಿದರೆ ಹಾಳೆಯಂತೆ ಏಳುತ್ತದೆ. ಅದರ ಕೆಳಗೆ ಬೆರಳಲ್ಲಿ ಉಜ್ಜಿದರೆ ಜಿಡ್ಡಾಗಿ ಮೆತ್ತುವ ಕಪ್ಪು ಹ್ಯೂಮಸ್, ಅಂದರೆ ಆಕಾರ ಕಳೆದುಕೊಂಡು ಕೊಳೆತ ಎಲೆ. ತಂಪಾದ, ಮಳೆ ಹೆಚ್ಚಿರುವ, ಮರಳು ಮಿಶ್ರಿತ ನೆಲವಾದರೆ ಇದರಡಿ ಬೂದುಬಣ್ಣದ ಪದರವೂ, ಅದಕ್ಕೂ ಕೆಳಗೆ ತುಕ್ಕಿನ ಬಣ್ಣದ ಪದರವೂ ಇರುತ್ತವೆ. ಹ್ಯೂಮಸ್‌ನ ಆಮ್ಲಗಳು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಮೇಲಿಂದ ತೊಳೆದು ಕೆಳಗೆ ಕೂರಿಸಿದ ಗುರುತು ಅದು. ಇದೇ ಪೊಡ್ಜಾಲ್ ಮಣ್ಣು.

ಪಿಎಚ್ ಅಳೆಯಲು ಹ್ಯೂಮಸ್ ಮತ್ತು ಖನಿಜ ಮಣ್ಣನ್ನು ಬೇರೆ ಬೇರೆ ತೆಗೆಯಿರಿ. ಬೆರೆಸಿದ ಮಾದರಿ ಎರಡರ ಬಗ್ಗೆಯೂ ಸುಳ್ಳು ಹೇಳುತ್ತದೆ. ಖನಿಜ ಮಣ್ಣು 1 ಪಾಲಿಗೆ ಶುದ್ಧ ನೀರು 2.5 ಪಾಲು; ಹ್ಯೂಮಸ್ ಬಹಳ ನೀರು ಹೀರುವುದರಿಂದ 1ಕ್ಕೆ 10 ಪಾಲು. ಕಲಕಿ ಅರ್ಧ ಗಂಟೆ ಬಿಟ್ಟು ಓದಿ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಳೆದರೆ ಸುಮಾರು ಅರ್ಧ ಅಂಕ ಕಡಿಮೆ ಬರುತ್ತದೆ, ಆದ್ದರಿಂದ ಯಾವ ಕ್ರಮ ಎಂದು ಬರೆದಿಡಲೇಬೇಕು.

ಬ್ಲೂಬೆರಿ, ಬಿಲ್‌ಬೆರಿ, ಕೌಬೆರಿಗಳು ಇಂಥ ಮಣ್ಣಿನಲ್ಲೂ ಹುಲುಸಾಗಿರುವುದು ಹೇಗೆ?

ಅವುಗಳ ಬೇರಿನೊಳಗಿನ ಶಿಲೀಂಧ್ರದಿಂದ. ಈ ಕುಟುಂಬದ ತುದಿಬೇರುಗಳು ಕೂದಲಿನಷ್ಟು ಸಣ್ಣ, ಅವಕ್ಕೆ ಬೇರುರೋಮವೇ ಇಲ್ಲ. ಹೊರಪದರದ ಜೀವಕೋಶಗಳಲ್ಲಿ ಸುರುಳಿಯಾಗಿ ಸೇರಿಕೊಂಡ ಶಿಲೀಂಧ್ರಗಳು ಕಿಣ್ವ ಬಿಟ್ಟು ಹ್ಯೂಮಸ್‌ನಲ್ಲಿ ಸಿಕ್ಕಿಬಿದ್ದ ಸಾರಜನಕವನ್ನು ಬಿಡಿಸಿ ಗಿಡಕ್ಕೆ ಕೊಡುತ್ತವೆ. ಪೈನ್, ಸ್ಪ್ರೂಸ್, ಫರ್‌ಗಳದ್ದು ಬೇರೆ ಬಗೆಯ ಮೈಕೊರೈಜಾ (ಬೇರು ಮತ್ತು ಶಿಲೀಂಧ್ರದ ಜೊತೆಬಾಳು), ಬೇರಿನ ತುದಿಗೆ ಹೊರಗಿನಿಂದ ಗವಸು ಹಾಕಿದಂತೆ ಕವಿಯುತ್ತದೆ. ಬಹುತೇಕ ಹುಲ್ಲು, ಮೂಲಿಕೆಗಳ ಜೊತೆಗಾರ ಶಿಲೀಂಧ್ರಕ್ಕೆ ಈ ಕೆಲಸ ಅಷ್ಟಾಗಿ ಬಾರದು. ಆ ಗಿಡಗಳಿಗೆ ಕರಗಿ ಸಿದ್ಧವಾಗಿರುವ ಪೋಷಕಾಂಶ ಬೇಕು. ಹುಳಿ ಹ್ಯೂಮಸ್ ದಪ್ಪವಾದಷ್ಟೂ ಬ್ಲೂಬೆರಿ ಬಂಧುಗಳು ಗೆಲ್ಲುತ್ತವೆ.

ಗಾಳಿ ಮಳೆಯ ಮೂಲಕ ಸಾರಜನಕದ ಮಾಲಿನ್ಯ ಹೆಚ್ಚಾದರೆ ಈ ಆಟ ತಿರುಗುತ್ತದೆ. ಬಿಲ್‌ಬೆರಿ ಹಿಂದೆ ಸರಿದು ಅಲೆಅಲೆಯಾದ ಡೆಶಾಂಪ್ಸಿಯಾ ಹುಲ್ಲು ಜಾಗ ಹಿಡಿಯುತ್ತದೆ.

ಮರಗಳು ಶಿಲೀಂಧ್ರಜಾಲದ ಮೂಲಕ ಕೆಳಗಿನ ಗಿಡಗಳಿಗೆ ಆಹಾರ ಕಳಿಸುತ್ತವೆಯೇ?

ಒಂದು ಗುಂಪಿನ ಗಿಡಗಳ ವಿಷಯದಲ್ಲಿ ಸಂದೇಹವೇ ಇಲ್ಲ. ಮೊನೊಟ್ರೋಪಾ, ಅಮೆರಿಕದ ಸಿಯೆರಾ ನೆವಾಡ ಬೆಟ್ಟಗಳ ಕೆಂಪು ಸಾರ್ಕೋಡಿಸ್, ಕೊರಲ್ಲೊರೈಜಾ ಆರ್ಕಿಡ್‌ಗಳಂಥವು ಹಸಿರು ಇಲ್ಲದೆ ಅಥವಾ ಇದ್ದೂ ಇಲ್ಲದಂತೆ ಬದುಕುತ್ತವೆ. ಸ್ವೀಡನ್ನಿನ ವಿಜ್ಞಾನಿ ಎರಿಕ್ ಬ್ಯೋರ್ಕ್‌ಮನ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮರಕ್ಕೆ ಕೊಟ್ಟ ವಿಕಿರಣಶೀಲ ಇಂಗಾಲದ ಸಕ್ಕರೆ ಪಕ್ಕದ ಮೊನೊಟ್ರೋಪಾದಲ್ಲಿ ಪತ್ತೆಯಾಯಿತು. ಆಹಾರ ಮರದ್ದು, ದಾರಿ ಶಿಲೀಂಧ್ರದ್ದು.

ಹಸಿರು ಗಿಡಗಳಿಗೂ ಮರಗಳು ಬೇಕೆಂದೇ ಹಂಚುತ್ತವೆ ಎಂಬ ಜನಪ್ರಿಯ ಮಾತಿಗೆ ಆಧಾರ ತೆಳು. 1997ರಲ್ಲಿ ಕೆನಡಾದ ವಿಜ್ಞಾನಿ ಸುಝಾನ್ ಸಿಮಾರ್ಡ್ ಅವರ ತಂಡ ಬರ್ಚ್ ಮತ್ತು ಡಗ್ಲಸ್ ಫರ್ ನಡುವೆ ಇಂಗಾಲ ಸಾಗಿದ್ದನ್ನು ತೋರಿಸಿತ್ತು. 2023ರ ಒಂದು ವಿಮರ್ಶೆ, ಕಾಡಿನಲ್ಲಿ ಇಂಥ ಸಾಗಣೆ ಶಿಲೀಂಧ್ರಜಾಲದಿಂದಲೇ ಆಯಿತೆನ್ನಲು ಮತ್ತು ಅದರಿಂದ ಸಸಿಗಳಿಗೆ ಲಾಭವಾಯಿತೆನ್ನಲು ಇರುವ ಪುರಾವೆ ಸಾಲದು ಎಂದು ವಿವರವಾಗಿ ವಾದಿಸಿತು. ಕಾಡು ನಿರ್ವಹಣೆಯ ನಿರ್ಧಾರವನ್ನು ಆ ಕಲ್ಪನೆಯ ಮೇಲೆ ಕಟ್ಟಬೇಡಿ.

ಶಿಲೀಂಧ್ರ ಕಸಿದುಕೊಳ್ಳುವುದೂ ಇದೆ. ನ್ಯೂಜಿಲೆಂಡಿನ ಪೈನ್ ತೋಟದಲ್ಲಿ ರೂತ್ ಮತ್ತು ಪೀಟರ್ ಗಾಡ್ಗಿಲ್ 1971ರಲ್ಲಿ ವರದಿ ಮಾಡಿದಂತೆ, ಮೈಕೊರೈಜಾ ಬೇರುಗಳನ್ನು ದೂರವಿಟ್ಟಾಗ ಸೂಜಿಎಲೆ ಬೇಗ ಕೊಳೆಯಿತು. ಮರದ ಶಿಲೀಂಧ್ರಗಳು ಕೊಳೆಸುವ ಜೀವಿಗಳ ಪಾಲನ್ನು ಮೊದಲೇ ಹೀರಿ ಚಾಪೆ ದಪ್ಪವಾಗಲು ಕಾರಣವಾಗುತ್ತವೆ. ಎಲ್ಲ ಕಾಡಿನಲ್ಲೂ ಹೀಗೇ ಆಗುತ್ತದೆಂದಲ್ಲ.

ಹಾವಸೆಯ ಹಾಸು ಗಿಡಗಳಿಗೆ ಒಳ್ಳೆಯದೋ ಕೆಟ್ಟದೋ?

ಎರಡೂ. ಹೈಲೊಕೋಮಿಯಮ್ ಸ್ಪ್ಲೆಂಡೆನ್ಸ್ ಎಂಬ ಹಾವಸೆಯ ಒಂದು ಎಳೆಯನ್ನು ಎತ್ತಿ ನೋಡಿ: ಹಿಂದಿನ ವರ್ಷದ ಗರಿಯ ಬೆನ್ನಿನಿಂದ ಈ ವರ್ಷದ ಗರಿ ಮೆಟ್ಟಿಲಾಗಿ ಎದ್ದಿರುತ್ತದೆ. ಮೆಟ್ಟಿಲು ಎಣಿಸಿದರೆ ಎಷ್ಟು ವರ್ಷದ ಬೆಳವಣಿಗೆ ಎಂದು ತಿಳಿಯುತ್ತದೆ, ಒಂದು ಹೆಜ್ಜೆ ತುಳಿದರೆ ಎಷ್ಟು ವರ್ಷ ಹಾಳು ಎಂಬುದೂ ತಿಳಿಯುತ್ತದೆ. ಪ್ಲ್ಯೂರೋಜಿಯಮ್ ಹಾವಸೆಯ ಎಲೆಗಳಲ್ಲಿ ವಾಸಿಸುವ, ಗಾಳಿಯ ಸಾರಜನಕ ಹಿಡಿಯಬಲ್ಲ ಸಯಾನೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಉತ್ತರದ ಕಾಡುಗಳಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಒಂದೂವರೆಯಿಂದ ಎರಡು ಕಿಲೋ ಸಾರಜನಕ ಹಿಡಿದಿಡುತ್ತವೆ ಎಂದು 2002ರಲ್ಲಿ ತಿಳಿದುಬಂತು. ಬಡ ಮಣ್ಣಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ದಪ್ಪ ಹಾವಸೆಯ ಮೇಲೆ ಬಿದ್ದ ಸಣ್ಣ ಬೀಜಕ್ಕೆ ಮಣ್ಣು ಸಿಗುವುದಿಲ್ಲ. ಬೀಜದಿಂದ ಬರುವ ಗಿಡ ಸೋಲುತ್ತದೆ. ಲಿನಿಯಾದಂತೆ ಬಳ್ಳಿ ಚಾಚಿ ಬೇರೂರುವ ಗಿಡ ಗೆಲ್ಲುತ್ತದೆ.

ಮಳೆ, ಹಿಮ ಇಷ್ಟೊಂದು ಬೀಳುವ ಜಾಗದಲ್ಲಿ ನೆಲ ಒಣಗಿರುವುದೇಕೆ?

ಸೂಚಿಪರ್ಣ ಚಪ್ಪರ ವರ್ಷದ ಮಳೆಯ ಶೇಕಡಾ 20ರಿಂದ 40ರಷ್ಟನ್ನು ಮೇಲೆಯೇ ಹಿಡಿದು ಆವಿ ಮಾಡುತ್ತದೆ. ಒಂದೆರಡು ಮಿಲಿಮೀಟರಿನ ತುಂತುರು ನೆಲ ಮುಟ್ಟುವುದೇ ಅಪರೂಪ. ಕಾಂಡದ ಹತ್ತಿರ ಒಣ, ಕೊಂಬೆಯ ಅಂಚಿನ ಕೆಳಗೆ ತೇವ. ಒಂದೇ ಮರದ ಸುತ್ತ ಗಿಡಗಳು ಬಳೆಯಾಕಾರದಲ್ಲಿ ಬದಲಾಗುವುದಕ್ಕೆ ಇದೇ ಕಾರಣ.

ಹಿಮದ ವಿಷಯವೂ ಹಾಗೇ. ಸುಮಾರು ಅರ್ಧ ಮೀಟರ್ ಹಗುರ ಹಿಮ ಹೊದ್ದರೆ ನೆಲದ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ದಟ್ಟ ಮರದ ಬುಡದಲ್ಲಿ ಹಿಮ ತೆಳುವಾದ್ದರಿಂದ ನೆಲ ಆಳಕ್ಕೆ ಹೆಪ್ಪುಗಟ್ಟುತ್ತದೆ. ಬೇಗ ಹಿಮ ಕರಗಿದ ಕಡೆ ಬಿಲ್‌ಬೆರಿಯ ಎಳೆ ಚಿಗುರು ತಡವಾದ ಚಳಿಗೆ ಸುಟ್ಟುಹೋಗುತ್ತದೆ. ತೀರಾ ತಡವಾಗಿ ಕರಗಿದರೆ ಬೆಳೆಯಲು ದಿನ ಸಾಲದು, ಮೇಲಾಗಿ ಹಿಮದಡಿಯ ಹರ್ಪೊಟ್ರೈಕಿಯಾ ಎಂಬ ಕಪ್ಪು ಶಿಲೀಂಧ್ರ ಸಸಿಗಳ ಎಲೆಗಳನ್ನು ಅಂಟಿಸಿ ಕೊಲ್ಲುತ್ತದೆ. ಹಿಮ ಕರಗುವ ದಿನವನ್ನು ಜಾಗವಾರು ಬರೆದಿಟ್ಟುಕೊಂಡವರಿಗೆ ಗಿಡಗಳ ನಕ್ಷೆ ಅರ್ಧ ಅರ್ಥವಾದಂತೆ.

ಎತ್ತರ ಮತ್ತು ಇಳಿಜಾರಿನ ಮುಖ ಎಷ್ಟು ಮುಖ್ಯ?

ಕಿಲೋಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪು. ಆದರೆ ಒಂದೇ ಎತ್ತರದಲ್ಲಿ ಮುಖ ಬದಲಾದರೆ ಕಾಡೇ ಬದಲಾಗಬಹುದು. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಒಣ. ಹಿಮಾಲಯದಲ್ಲಿ ಅಲ್ಲಿ ಹುಲ್ಲು, ಬಿಸಿಲು ತಡೆಯುವ ಪೊದೆ. ಉತ್ತರಮುಖದಲ್ಲಿ ಫರ್, ಅದರಡಿ ರಿಂಗಾಲ್ ಬಿದಿರು, ವೈಬರ್ನಮ್, ಜರೀಗಿಡ, ಹಾವಸೆ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು.

ಬಿದ್ದ ಮರಗಳನ್ನು ತೆಗೆದು ನೆಲ ಚೊಕ್ಕಟ ಮಾಡಬೇಕೇ?

ಬೇಡ. ಅಮೆರಿಕದ ಒಲಿಂಪಿಕ್ ಪರ್ಯಾಯದ್ವೀಪದ ಕಾಡುಗಳಲ್ಲಿ ಹೆಮ್ಲಾಕ್, ಸಿಟ್ಕಾ ಸ್ಪ್ರೂಸ್ ಸಸಿಗಳ ಬಹುಪಾಲು ಕೊಳೆಯುತ್ತಿರುವ ದಿಮ್ಮಿಗಳ ಮೇಲೆಯೇ ಇರುತ್ತವೆ, ದಿಮ್ಮಿಗಳು ಆವರಿಸಿರುವುದು ನೆಲದ ಸಣ್ಣ ಭಾಗವಾದರೂ. ದಿಮ್ಮಿಯ ಮೇಲೆ ಹಾವಸೆ ತೆಳು, ಸೂಜಿಎಲೆ ನಿಲ್ಲುವುದಿಲ್ಲ, ನೆಲದ ಗಿಡಗಳ ಪೈಪೋಟಿಯೂ ಕಡಿಮೆ. ಬುಡಸಮೇತ ಉರುಳಿದ ಮರ ಮಾಡುವ ಹೊಂಡ ದಿಬ್ಬಗಳೂ ಖನಿಜ ಮಣ್ಣನ್ನು ತೆರೆದಿಡುತ್ತವೆ. ರೋಗ ಅಥವಾ ಕೀಟದ ಹಾವಳಿ ಇದ್ದರೆ ಮಾತ್ರ ಹಸಿ ದಿಮ್ಮಿಯ ಬಗ್ಗೆ ಬೇರೆ ಯೋಚನೆ ಬೇಕಾಗುತ್ತದೆ.

ಬೆಂಕಿ ಬಿದ್ದ ಮೇಲೆ ಯಾವ ಗಿಡ ಮರಳುತ್ತದೆ?

ಬೆಂಕಿ ಎಷ್ಟು ಎತ್ತರ ಉರಿಯಿತು ಎಂಬುದಕ್ಕಿಂತ ಎಷ್ಟು ಆಳ ಸುಟ್ಟಿತು ಎಂದು ನೋಡಿ. ಸುಮಾರು 60 ಡಿಗ್ರಿಯಲ್ಲಿ ಸಸ್ಯದ ಜೀವಕೋಶ ಸಾಯುತ್ತದೆ. ಹಾವಸೆಯಲ್ಲೇ ಹರಿದಾಡುವ ಲಿನಿಯಾ ಸಣ್ಣ ಬೆಂಕಿಗೂ ಸಾಯುತ್ತದೆ, ಖನಿಜ ಮಣ್ಣಿನ ಆಳದಲ್ಲಿ ಕಾಂಡ ಇಟ್ಟ ಬ್ರಾಕನ್ ಜರೀಗಿಡ ಮತ್ತೆ ಏಳುತ್ತದೆ. ಸಿಯನೋಥಸ್ ಪೊದೆಯ ಬೀಜಗಳು ಮಣ್ಣಿನಲ್ಲಿ ದಶಕಗಟ್ಟಲೆ ಮಲಗಿದ್ದು ಬೆಂಕಿಯ ಕಾವಿಗೆ ಸಿಪ್ಪೆ ಬಿರಿದು ಮೊಳೆಯುತ್ತವೆ.

ಪಶ್ಚಿಮ ಅಮೆರಿಕದ ಪಾಂಡೆರೋಸಾ ಪೈನ್ ಕಾಡುಗಳಲ್ಲಿ ಹಿಂದೆ ಐದರಿಂದ ಇಪ್ಪತ್ತೈದು ವರ್ಷಕ್ಕೊಮ್ಮೆ ತಗ್ಗಿನ ಬೆಂಕಿ ಹಾಯುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ಅದನ್ನು ತಡೆದ ಮೇಲೆ ಎಳೆಯ ಮರಗಳು ಒತ್ತೊತ್ತಾಗಿ ಎದ್ದು ಹುಲ್ಲು, ಹೂಗಿಡಗಳು ಸೊರಗಿದವು. ಅಂಥ ಕಡೆ ಬೆಂಕಿಯನ್ನು ಮರಳಿ ತರುವಾಗ ಹಳೆಯ ಮರದ ಬುಡದ ದಪ್ಪ ಚಾಪೆಯನ್ನು ಮೊದಲು ಕೆದಕಿ ದೂರ ಸರಿಸಬೇಕು. ಇಲ್ಲವಾದರೆ ಅದು ಗಂಟೆಗಟ್ಟಲೆ ಹೊಗೆಯಾಡಿ ಬೇರುಗಳನ್ನು ಬೇಯಿಸಿ ಮರವನ್ನೇ ಕೊಲ್ಲುತ್ತದೆ.

ಜಿಂಕೆಗಳ ಕಾಟವೋ ನೆರಳೋ ಎಂದು ಬೇರ್ಪಡಿಸುವುದು ಹೇಗೆ?

ಬೇಲಿ ಹಾಕಿ. ಕೆನಡಾದ ಹೈದಾ ಗ್ವಾಯ್ ದ್ವೀಪಗಳಿಗೆ 19ನೇ ಶತಮಾನದ ಕೊನೆಯಲ್ಲಿ ಜಿಂಕೆ ತಂದು ಬಿಟ್ಟರು. ಜಿಂಕೆ ತಲುಪದ ಪುಟ್ಟ ದ್ವೀಪಗಳಲ್ಲಿ ಪೊದೆ ದಟ್ಟವಾಗಿದ್ದರೆ, ತಲುಪಿದ ಕಡೆ ಅದೇ ಮರಗಳ ಕೆಳಗೆ ಹಾವಸೆ ಮಾತ್ರ ಉಳಿದಿದೆ. ಬೇಲಿ 2ರಿಂದ 2.4 ಮೀಟರ್ ಎತ್ತರ ಇರಲಿ. ಇಳಿಜಾರಿನ ಮೇಲ್ಬದಿಯಲ್ಲಿ ಇನ್ನೂ ಎತ್ತರಿಸಿ, ಮೇಲಿಂದ ಜಿಗಿಯುವುದು ಜಿಂಕೆಗೆ ಸುಲಭ. ಹಿಮ ಕರಗಿದ ಕೂಡಲೇ ಬಾಗಿದ ಕಂಬಗಳನ್ನು ಸರಿಪಡಿಸಿ. ನಾಲ್ಕೈದು ವರ್ಷವಾದರೂ ಕಾಯಬೇಕು.

ಮರಗಳನ್ನು ಬಿಡಿಬಿಡಿಯಾಗಿ ಕಡಿದರೆ ನೆಲದ ಗಿಡ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಆದರೆ ನೀವು ಬಯಸಿದ ಗಿಡವೇ ಹೆಚ್ಚುತ್ತದೆ ಎಂದೇನಿಲ್ಲ. ಒಮ್ಮೆಲೇ ಬಹಳ ತೆರೆದರೆ ಕ್ಯಾಲಮಾಗ್ರಾಸ್ಟಿಸ್ ಹುಲ್ಲೋ ಬ್ರಾಕನ್ನೋ ನೆಲ ಹಿಡಿದು ಮುಂದಿನ ದಶಕ ಮರದ ಸಸಿಯನ್ನೂ ಬಿಡುವುದಿಲ್ಲ. ಮೇಲ್ಬೇರಿನ ಸ್ಪ್ರೂಸ್ ಗಾಳಿಗೆ ಉರುಳುತ್ತದೆ. ನೆರಳಿಗೆ ಒಗ್ಗಿದ ಹಾವಸೆ ಒಂದೇ ಬೇಸಿಗೆಯಲ್ಲಿ ಬಿಳುಚುತ್ತದೆ. ತೀರಾ ಕಡಿಮೆ ತೆರೆದರೆ ಕೆಲವೇ ವರ್ಷದಲ್ಲಿ ಕೊಂಬೆಗಳು ಮತ್ತೆ ಕೂಡಿಕೊಳ್ಳುತ್ತವೆ. ಒಂದೇ ಸಮನಾಗಿ ಕಡಿಯುವುದಕ್ಕಿಂತ ಅಲ್ಲಲ್ಲಿ ಸಣ್ಣ ಬಯಲು ಬಿಟ್ಟು, ನಡುವೆ ದಟ್ಟ ಗುಂಪುಗಳನ್ನು ಮುಟ್ಟದೆ ಉಳಿಸುವುದು ಲೇಸು. ಕಡಿದ ಕೊಂಬೆಗಳ ರಾಶಿ ಬಿಲ್‌ಬೆರಿಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಮರ ಎಳೆಯುವ ಕೆಲಸ ಹೆಪ್ಪುಗಟ್ಟಿದ ನೆಲದ ಮೇಲೆ, ಹಿಮ ಇರುವಾಗ ಆದರೆ ಹಾವಸೆಗೂ ಭೂಗತ ಕಾಂಡಗಳಿಗೂ ಪೆಟ್ಟು ಕಡಿಮೆ.

ಗಿಡಗಳ ಲೆಕ್ಕ ಇಡಲು ಸರಳ ಕ್ರಮ ಹೇಳಿ.

10 ಮೀಟರ್ ಚೌಕ, ಅದರೊಳಗೆ 1 ಮೀಟರಿನ ಐದು ಚೌಕಟ್ಟು. ಪ್ರತಿ ಜಾತಿ ಶೇಕಡಾ ಎಷ್ಟು ನೆಲ ಮುಚ್ಚಿದೆ ಎಂದು ಅಂದಾಜಿಸಿ. ಹಿಮ ಕರಗಿದ ಮೇಲೊಮ್ಮೆ, ನಡುಬೇಸಿಗೆಯಲ್ಲೊಮ್ಮೆ ನೋಡಬೇಕು, ಇಲ್ಲವಾದರೆ ವಸಂತದ ಗಿಡಗಳು ಲೆಕ್ಕಕ್ಕೆ ಸಿಗುವುದಿಲ್ಲ. ಇಳಿಜಾರಿನಲ್ಲಿ ಅಳತೆ ತಿದ್ದಲೇಬೇಕು: 30 ಡಿಗ್ರಿ ಇಳಿಜಾರಿನಲ್ಲಿ ಸಮತಲದ 10 ಮೀಟರ್ ಪಡೆಯಲು ನೆಲದ ಮೇಲೆ 11.5 ಮೀಟರ್ ಟೇಪು ಹಿಡಿಯಬೇಕು. ಯಾವಾಗಲೂ ಕೆಳಬದಿಯಲ್ಲಿ ನಿಂತು ಬರೆಯಿರಿ, ಕಾಲಿನಿಂದ ಜಾರಿದ ಮಣ್ಣು ಚೌಕಟ್ಟಿನೊಳಗೆ ಬೀಳದು.

ಬೇರೆ ಕಡೆಯಿಂದ ಗಿಡ ತಂದು ನೆಡಬಹುದೇ?

ಮೊನೊಟ್ರೋಪಾ, ಕಾಡಿನ ಆರ್ಕಿಡ್‌ಗಳನ್ನು ಕೀಳಲೇಬೇಡಿ. ಶಿಲೀಂಧ್ರದ ಸಂಬಂಧ ಕಡಿದರೆ ಅವು ಬದುಕುವುದಿಲ್ಲ. ಸಂರಕ್ಷಿತ ಕಾಡಿನಲ್ಲಿ ಯಾವ ಗಿಡಕ್ಕೂ ಅನುಮತಿ ಬೇಕು. ಬಿಲ್‌ಬೆರಿ, ಲಿನಿಯಾಗಳನ್ನು ಅದೇ ಬೆಟ್ಟದ, ಹೆಚ್ಚುಕಡಿಮೆ ಅದೇ ಎತ್ತರದ ಜಾಗದಿಂದ 20 ಸೆಂಟಿಮೀಟರ್ ಅಗಲದ ಹೆಂಟೆಯಾಗಿ, ಹ್ಯೂಮಸ್ ಪದರ ಪೂರ್ತಿ ಬರುವಂತೆ ಎತ್ತಿ ತನ್ನಿ. ಬೇರು ತೊಳೆಯಬೇಡಿ, ಸುಣ್ಣವನ್ನಾಗಲಿ ಗೊಬ್ಬರವನ್ನಾಗಲಿ ಹಾಕಬೇಡಿ. ಸುಣ್ಣದಿಂದ ಹ್ಯೂಮಸ್ ಬೇಗ ಕರಗಿ ಸಾರಜನಕ ಬಿಡುಗಡೆಯಾಗುತ್ತದೆ, ಆ ಸಾರಜನಕವನ್ನು ಮೊದಲು ಹಿಡಿಯುವುದು ಹುಲ್ಲು. ನೆಟ್ಟ ಹೆಂಟೆಯ ಅಂಚು ಸುತ್ತಲಿನ ನೆಲಕ್ಕಿಂತ ಮೇಲೆ ಉಳಿಯಬಾರದು, ಉಳಿದರೆ ಮೊದಲ ಬೇಸಿಗೆಯಲ್ಲೇ ಅಂಚಿನಿಂದ ಒಳಕ್ಕೆ ಒಣಗುತ್ತಾ ಬರುತ್ತದೆ.